ಲ್ಯಾಪ್‌ಟಾಪ್ ಮೇಲೆ ಗೂಬೆ ಕೂರಿಸೋ ಮೊದಲು ಮೀಟರ್ ನೋಡಿ

ಸಂಪಾದಕರಿಗೆ ನಮಸ್ಕಾರ,

ನಿಮ್ಮ ಪತ್ರಿಕೆಗೆ ನಾನು ಬರೀತಿರೋದು ಇದೇ ಮೊದಲ್ನೇ ಸಲ. ಕಾಗದ ಸ್ವಲ್ಪ ಉದ್ದ ಆಗತ್ತೆ, ದಯವಿಟ್ಟು ಪೂರ್ತಿ ಓದಿ. ಬೇಸಿಗೆ ಬಂತು ಅಂದ್ರೆ ಕರೆಂಟ್ ಬಿಲ್ ಜಾಸ್ತಿ ಆಯ್ತು ಅಂತ ಪತ್ರಗಳು ಬರ್ತಾನೇ ಇರ್ತವೆ, ಮನೆಗಳಲ್ಲೂ ಅದೇ ಮಾತು. ಮನೇಲಿ ಯಾರಾದ್ರೂ ವರ್ಕ್ ಫ್ರಮ್ ಹೋಮ್ ಮಾಡ್ತಿದ್ರೆ ಮುಗೀತು, ಬೇರೆ ಏನನ್ನೂ ಯಾರೂ ನೋಡಲ್ಲ, "ದಿನವಿಡೀ ಲ್ಯಾಪ್‌ಟಾಪ್ ಹಾಕ್ಕೊಂಡು ಕೂತಿರ್ತಾಳಲ್ಲ ಅದಕ್ಕೇ" ಅಂತ ತೀರ್ಪು ಕೊಟ್ಟುಬಿಡ್ತಾರೆ. ನನಗೂ ಅದೇ ಆಯ್ತು. ಅದನ್ನ ನಾನು ಮೂರು ತಿಂಗಳು ಕೂತು ಅಳೆದು ನೋಡಿದೀನಿ, ಆ ಲೆಕ್ಕ ನಾಲ್ಕು ಜನಕ್ಕೆ ಗೊತ್ತಾಗ್ಲಿ ಅಂತ ಬರೀತಿದೀನಿ.

ನಾನಿರೋದು ಮೈಸೂರಲ್ಲಿ, ಒಂದು ಮನೆಯ ಮಹಡಿ ಮೇಲಿನ ಸಣ್ಣ ಪೋರ್ಷನ್‌ನಲ್ಲಿ. ಒಂದು ರೂಮು, ಅಡುಗೆಮನೆ, ಬಾತ್‌ರೂಮು ಅಷ್ಟೇ. ಕೆಳಗಡೆ ಓನರ್ ಅಂಕಲ್ಲು ಆಂಟಿ ಇಬ್ಬರೇ. ಅಂಕಲ್ ರಿಟೈರ್ ಆಗಿರೋ ಮೇಷ್ಟ್ರು, ಪೆನ್ಶನ್‌ನಲ್ಲಿ ಜೀವನ. ಇಡೀ ಮನೆಗೆ ಒಂದೇ ಮೀಟರು, ಒಂದೇ ಆರ್‌ಆರ್ ನಂಬರು (ಕರೆಂಟ್ ಸಂಪರ್ಕದ ನಂಬರು), ಅದು ಅಂಕಲ್ ಹೆಸರಲ್ಲೇ ಗೃಹಜ್ಯೋತಿಗೆ, ಅಂದ್ರೆ ಸರ್ಕಾರದ ಉಚಿತ ಕರೆಂಟ್ ಯೋಜನೆಗೆ ಲಿಂಕ್ ಆಗಿದೆ, ಹಾಗಾಗಿ ನನ್ನ ಬಾಡಿಗೇಲೇ ಕರೆಂಟು ನೀರು ಸೇರಿತ್ತು. ನಾನು ಕೆಲಸ ಮಾಡೋ ಕಂಪನಿ ಬೆಂಗಳೂರಲ್ಲಿದೆ, ತಿಂಗಳಿಗೆ ಎರಡು ದಿನ ಹೋಗಿಬಂದ್ರೆ ಸಾಕು, ಉಳಿದಿದ್ದೆಲ್ಲಾ ಮನೆಯಿಂದ.

ನಾನು ಬರೋ ಮೊದಲು ಆ ಮನೆಗೆ ಬರ್ತಿದ್ದಿದ್ದು ಸೊನ್ನೆ ಬಿಲ್ಲು. ಬಂದು ಎರಡು ತಿಂಗಳಿಗೆ ಒಂದಿನ ಮೀಟರ್ ರೀಡರ್ ಬಂದು ಚೀಟಿ ಹರಿದು ಕೊಟ್ಟು ಹೋದ, ಅದರಲ್ಲಿ 228 ಯೂನಿಟ್ಟು, ಕಟ್ಟಬೇಕಾದ್ದು ಎರಡು ಸಾವಿರದ ಹತ್ತಿರ. ಆಂಟಿ ಚೀಟಿ ಹಿಡ್ಕೊಂಡು ಮೆಟ್ಟಿಲು ಹತ್ತಿ ಬಂದ್ರು, ಅವರಿಗೆ ಮಂಡಿನೋವು, ಮೇಲೆ ಬರೋದೇ ಇಲ್ಲ, ಅವತ್ತು ಬಂದ್ರು. ಬೈಲಿಲ್ಲ. "ನೋಡಮ್ಮ, ನೀನು ಬೆಳಗ್ಗೆಯಿಂದ ರಾತ್ರಿವರೆಗೂ ಅದನ್ನ ಹಾಕ್ಕೊಂಡಿರ್ತೀಯ, ನಾವು ಇಷ್ಟು ದಿನ ದುಡ್ಡೇ ಕಟ್ಟಿಲ್ಲ, ಈಗ ಎಲ್ಲಿಂದ ತರೋದು" ಅಂದ್ರು. ನನಗೆ ಗಂಟಲು ಕಟ್ಟಿದ ಹಾಗಾಯ್ತು. ಮಾರನೇ ದಿನ ಅವರ ಅಳಿಯ ಬಂದು ಲೆಕ್ಕ ಹಾಕಿ, ತಿಂಗಳಿಗೆ 700 ರೂಪಾಯಿ ಜಾಸ್ತಿ ಕೊಡಿ, ಇಲ್ಲಾಂದ್ರೆ ಬೇರೆ ಮನೆ ನೋಡ್ಕೊಳ್ಳಿ ಅಂದ್ರು.

ಅವರ ಲೆಕ್ಕ ಹೇಳ್ತೀನಿ ಕೇಳಿ, ಯಾಕಂದ್ರೆ ಈ ತಪ್ಪು ತುಂಬಾ ಜನ ಮಾಡ್ತಾರೆ. ಚಾರ್ಜರ್ ಡಬ್ಬಿ ಹಿಂದೆ ಸಣ್ಣ ಅಕ್ಷರದಲ್ಲಿ ಇನ್‌ಪುಟ್ ಅಂತ ಬರೆದು 100–240 ವೋಲ್ಟ್, 1.7 ಆಂಪ್ ಅಂತ ಹಾಕಿರ್ತಾರೆ. ಅವರು 230ನ್ನ 1.7ರಿಂದ ಗುಣಿಸಿದ್ರು, 391 ವ್ಯಾಟ್ ಬಂತು. ಸಾವಿರ ವ್ಯಾಟಿನ ವಸ್ತು ಒಂದು ಗಂಟೆ ಓಡಿದ್ರೆ ಒಂದು ಯೂನಿಟ್ಟು, ಹಾಗಾಗಿ ದಿನಕ್ಕೆ ಹತ್ತು ಗಂಟೆ ಅಂದ್ರೆ ಹತ್ತಿರತ್ತಿರ 4 ಯೂನಿಟ್ಟು, ತಿಂಗಳಿಗೆ 26 ದಿನ ಅಂದ್ರೆ ನೂರು ಯೂನಿಟ್ಟು ದಾಟ್ತು. ಗುಣಾಕಾರ ಏನೋ ಸರಿ, ಆದ್ರೆ ತಗೊಂಡ ಅಂಕಿನೇ ತಪ್ಪು. ಆ 1.7 ಆಂಪ್ ಅನ್ನೋದು ವೋಲ್ಟೇಜ್ ಕಮ್ಮಿ ಇರೋ ಕಡೆ ಫುಲ್ ಲೋಡಲ್ಲಿ ಹೆಚ್ಚಂದ್ರೆ ಇಷ್ಟು ಎಳೀಬಹುದು ಅನ್ನೋ ಗಡಿ ಅಷ್ಟೇ, ಇದು ಯಾವಾಗ್ಲೂ ಇಷ್ಟು ಎಳೆಯುತ್ತೆ ಅಂತ ಅಲ್ಲ. ನೋಡ್ಬೇಕಾಗಿರೋದು ಅದರ ಕೆಳಗಿರೋ ಔಟ್‌ಪುಟ್ ಸಾಲು. ನನ್ನ ಚಾರ್ಜರ್‌ನಲ್ಲಿ 19.5 ವೋಲ್ಟ್, 3.34 ಆಂಪ್ ಅಂತಿದೆ, ಗುಣಿಸಿದ್ರೆ 65 ವ್ಯಾಟ್. ಅದೂ ಕೂಡ ಆ ಡಬ್ಬಿಯ ಗರಿಷ್ಠ. ಬ್ಯಾಟರಿ ಪೂರ್ತಿ ಖಾಲಿ ಆಗಿದ್ದು ಜೊತೆಗೆ ಜೋರು ಕೆಲಸಾನೂ ಇದ್ದಾಗ ಮಾತ್ರ ಅಲ್ಲಿ ತನಕ ಹೋಗತ್ತೆ.

ಇದನ್ನ ಬಾಯಲ್ಲಿ ಹೇಳಿದ್ರೆ ಯಾರು ನಂಬ್ತಾರೆ. ನಾನು ಓದಿರೋದು ಬಿಕಾಂ, ಆ ಅಳಿಯ ಫ್ಯಾಕ್ಟ್ರೀಲಿ ಕೆಲಸ ಮಾಡೋರು. ಅದಕ್ಕೆ ಆನ್‌ಲೈನಲ್ಲಿ ಒಂದು ಪ್ಲಗ್ ಮೀಟರ್ ತರಿಸಿದೆ, ಸಾವಿರ ರೂಪಾಯಿ ಒಳಗೇ ಸಿಗತ್ತೆ, ಗೋಡೆ ಸಾಕೆಟ್ಟಿಗೆ ಅದನ್ನ ಸಿಕ್ಕಿಸಿ ಅದಕ್ಕೆ ಚಾರ್ಜರ್ ಹಾಕೋದು, ಎಷ್ಟು ವ್ಯಾಟ್ ಎಳೀತಿದೆ, ಇಲ್ಲೀವರೆಗೆ ಎಷ್ಟು ಯೂನಿಟ್ ಆಯ್ತು ಎಲ್ಲಾ ತೋರಿಸತ್ತೆ. ಬೆಳಗ್ಗೆ ಬ್ಯಾಟರಿ ಇಳಿದಿದ್ದಾಗ 58 ವ್ಯಾಟ್ ತನಕ ಹೋಯ್ತು, ಬ್ಯಾಟರಿ ತುಂಬಿದ್ಮೇಲೆ ಎಕ್ಸೆಲ್ಲು ಈಮೇಲು ನೋಡ್ತಿದ್ರೆ 15, 16, 18 ಹೀಗೆ ಆಡ್ತಾ ಇರತ್ತೆ, ಕ್ಯಾಮೆರಾ ಆನ್ ಮಾಡಿ ಮೀಟಿಂಗಲ್ಲಿ ಕೂತ್ರೆ 30 ದಾಟತ್ತೆ, ಸ್ಕ್ರೀನ್ ಬೆಳಕು ಪೂರ್ತಿ ಏರಿಸಿದ್ರೆ ಇನ್ನೂ ಎರಡು ಮೂರು ವ್ಯಾಟ್. ಒಂದಿಡೀ ತಿಂಗಳು ಹಾಗೇ ಬಿಟ್ಟಿದ್ದೆ. 22 ದಿನ, ದಿನಕ್ಕೆ ಒಂಬತ್ತು ಗಂಟೆ ಲೆಕ್ಕದಲ್ಲಿ ಕೊನೇಲಿ ಮೀಟರ್ ತೋರಿಸಿದ್ದು 5.6 ಯೂನಿಟ್ಟು.

ನೂರು ಎಲ್ಲಿ, 5.6 ಎಲ್ಲಿ!

ದುಡ್ಡಿನ ಲೆಕ್ಕ ಹಾಕೋಣ. 2025ರ ಏಪ್ರಿಲ್ 1ರಿಂದ ಕೆಇಆರ್‌ಸಿ, ಅಂದ್ರೆ ರಾಜ್ಯದಲ್ಲಿ ಕರೆಂಟ್ ದರ ನಿಗದಿ ಮಾಡೋ ಆಯೋಗ, ಮನೆಗಳಿಗೆ ಮಾಡಿದ ದರ ಯೂನಿಟ್ಟಿಗೆ 5 ರೂಪಾಯಿ 80 ಪೈಸೆ, ಅದರ ಜೊತೆ ಪಿಂಚಣಿ ಗ್ರಾಚ್ಯುಟಿ ಸರ್‌ಚಾರ್ಜ್ ಅಂತ 36 ಪೈಸೆ, ಆಮೇಲೆ 9 ಪರ್ಸೆಂಟ್ ತೆರಿಗೆ. ತಿಂಗಳು ತಿಂಗಳು ಬದಲಾಗೋ ಇಂಧನ ಹೊಂದಾಣಿಕೆ ಶುಲ್ಕ ಬಿಟ್ಟು ಹೇಳ್ತಿದೀನಿ. ಈ ಲೆಕ್ಕದಲ್ಲಿ ನನ್ನ ಲ್ಯಾಪ್‌ಟಾಪು ಒಂದು ತಿಂಗಳು ಪೂರ್ತಿ ದುಡಿದಿದ್ದಕ್ಕೆ ಆಗಿದ್ದು 37 ರೂಪಾಯಿ ಚಿಲ್ಲರೆ. ಅಳಿಯ ಕೇಳಿದ್ದು 700. ಗೇಮಿಂಗ್ ಲ್ಯಾಪ್‌ಟಾಪು, ದೊಡ್ಡ ಡೆಸ್ಕ್‌ಟಾಪು ಇಟ್ಕೊಂಡಿರೋರ ಲೆಕ್ಕ ಬೇರೆ, ಅವು ನೂರು ಇನ್ನೂರು ವ್ಯಾಟ್ ಎಳೀತವೆ, ನಾನು ಹೇಳ್ತಿರೋದು ಆಫೀಸಿಂದ ಕೊಡೋ ಸಾಮಾನ್ಯ ಲ್ಯಾಪ್‌ಟಾಪ್ ವಿಷ್ಯ.

ಆದ್ರೆ ಪ್ರಾಮಾಣಿಕವಾಗಿ ಹೇಳ್ಬೇಕು, ಮನೇಲಿ ಕೂತು ಕೆಲಸ ಮಾಡೋದು ಅಂದ್ರೆ ಲ್ಯಾಪ್‌ಟಾಪ್ ಒಂದೇ ಅಲ್ವಲ್ಲ. ಅದರ ಸುತ್ತ ಇರೋದೇ ಜಾಸ್ತಿ ತಿನ್ನತ್ತೆ. ನನ್ನ ತಲೆ ಮೇಲೆ ತಿರುಗೋ ಫ್ಯಾನು ಹಳೇದು, 75 ವ್ಯಾಟಿಂದು, ಕೆಲಸದ ಹೊತ್ತಿಗೆ ಮಾತ್ರ ಲೆಕ್ಕ ಹಾಕಿದ್ರೂ ತಿಂಗಳಿಗೆ 15 ಯೂನಿಟ್ಟು, ಲ್ಯಾಪ್‌ಟಾಪಿಗಿಂತ ಎರಡೂವರೆ ಪಟ್ಟು ಜಾಸ್ತಿ, ಅದನ್ನ ಯಾರೂ ಒಂದು ಮಾತು ಅನ್ನಲ್ಲ, ಯಾಕಂದ್ರೆ ಫ್ಯಾನು ನಮ್ಮ ಅಜ್ಜಿ ಕಾಲದಿಂದ್ಲೂ ಮನೇಲಿದೆ. ಇಂಟರ್ನೆಟ್ಟಿನ ರೌಟರು ಬರೀ 8 ವ್ಯಾಟು, ಆದ್ರೆ ಅದು ಹಗಲು ರಾತ್ರಿ ಆನ್ ಇರತ್ತೆ, ಅದಕ್ಕೇ ಅದರ ತಿಂಗಳ ಖರ್ಚು ಲ್ಯಾಪ್‌ಟಾಪಿಗಿಂತ ಒಂದು ಕೂದಲೆಳೆ ಜಾಸ್ತಿನೇ ಆಗತ್ತೆ, 5.8 ಯೂನಿಟ್ಟು. ಇದು ನೋಡಿ ನನಗೇ ಆಶ್ಚರ್ಯ ಆಯ್ತು. ಪಕ್ಕದಲ್ಲಿರೋ ಇನ್ನೊಂದು ಮಾನಿಟರಿಗೆ 4, ಟ್ಯೂಬ್‌ಲೈಟಿಗೆ 2ರ ಹತ್ತಿರ. ಎಲ್ಲಾ ಸೇರಿ ನನ್ನ ಕೆಲಸದ ಕರೆಂಟು 32 ಯೂನಿಟ್ಟು, ದುಡ್ಡಲ್ಲಿ 214 ರೂಪಾಯಿ. ಇದು ನನ್ನ ನಿಜವಾದ ಭಾರ, ಇದನ್ನ ನಾನು ಒಪ್ಕೊಂಡೆ, ಕೊಡ್ತೀನಿ ಅಂತಾನೂ ಹೇಳ್ದೆ.

ಇನ್ನೊಂದು ವಿಷ್ಯಾನೂ ಒಪ್ಕೋಬೇಕು, ಗೀಸರು. ಎರಡು ಸಾವಿರ ವ್ಯಾಟಿಂದು. ಬೆಳಗ್ಗೆ ಎದ್ದು ಸ್ವಿಚ್ ಹಾಕಿ, ಕಾಫಿ ಮಾಡ್ಕೊಂಡು, ಫೋನ್ ನೋಡ್ಕೊಂಡು ಸ್ನಾನಕ್ಕೆ ಹೋಗೋ ಹೊತ್ತಿಗೆ, ಸ್ನಾನ ಪಾತ್ರೆ ಎಲ್ಲಾ ಸೇರಿ ನಲವತ್ತು ನಿಮಿಷದ ಕರೆಂಟು ಅದಕ್ಕೆ ಹೋಗ್ತಿತ್ತು. ದಿನಕ್ಕೆ 1.3 ಯೂನಿಟ್ಟು. ಅಂದ್ರೆ ಲ್ಯಾಪ್‌ಟಾಪು ಒಂದು ತಿಂಗಳಲ್ಲಿ ತಿನ್ನೋದನ್ನ ಗೀಸರು ನಾಲ್ಕೈದು ದಿನಕ್ಕೆ ತಿಂದು ಹಾಕತ್ತೆ. ಈಗ 25 ನಿಮಿಷಕ್ಕೆ ಇಳಿಸಿದೀನಿ.

ಇಷ್ಟೆಲ್ಲಾ ಬರೆದು ಅಂಕಲ್‌ಗೆ ತೋರಿಸ್ದೆ. ಮೇಷ್ಟ್ರಲ್ವಾ, ಕನ್ನಡಕ ಹಾಕ್ಕೊಂಡು ಒಂದೊಂದೇ ಸಾಲು ಓದಿದ್ರು. "ಇದು ನಿನ್ನ ಮೀಟರ್ ಹೇಳಿದ್ದು, ಗೋಡೆ ಮೇಲಿನ ಮೀಟರ್ ಏನ್ ಹೇಳತ್ತೆ ನೋಡೋಣ" ಅಂದ್ರು. ಆ ಮಾತು ನನಗೆ ಇಷ್ಟ ಆಯ್ತು. ಒಂದು ಭಾನುವಾರ ಇಬ್ಬರೂ ಮೀಟರ್ ಬೋರ್ಡ್ ಮುಂದೆ ಸ್ಟೂಲ್ ಹಾಕ್ಕೊಂಡು ಕೂತ್ವಿ.

ಇದು ಎಲ್ಲರೂ ಮಾಡ್ಬಹುದು, ಒಂದು ಪೈಸೆ ಖರ್ಚಿಲ್ಲ, ಅದಕ್ಕೇ ಬಿಡಿಸಿ ಹೇಳ್ತೀನಿ. ಈಗಿನ ಮೀಟರ್‌ಗಳಲ್ಲಿ ಒಂದು ಸಣ್ಣ ಕೆಂಪು ಲೈಟು ಮಿಣುಕ್ತಾ ಇರತ್ತೆ. ಮೀಟರ್ ಮುಖದ ಮೇಲೆ 3200 ಇಂಪಲ್ಸ್‌ಗೆ ಒಂದು ಯೂನಿಟ್ ಅಂತ ಗುರುತು ಹಾಕಿರ್ತಾರೆ, ಕೆಲವು ಮೀಟರಲ್ಲಿ 1600 ಇರಬಹುದು, ನಿಮ್ಮದರಲ್ಲಿ ಎಷ್ಟಿದೆ ನೋಡ್ಕೊಳ್ಳಿ. ಅಂದ್ರೆ ಆ ಲೈಟು 3200 ಸಲ ಮಿಣುಕಿದ್ರೆ ಒಂದು ಯೂನಿಟ್ಟು. ಮನೇಲಿ ಎಲ್ಲಾ ಆಫ್ ಮಾಡಿ, ಯಾವುದನ್ನ ಅಳೀಬೇಕೋ ಅದೊಂದನ್ನ ಮಾತ್ರ ಆನ್ ಮಾಡಿ, ಹತ್ತು ನಿಮಿಷದಲ್ಲಿ ಎಷ್ಟು ಸಲ ಮಿಣುಕ್ತು ಅಂತ ಎಣಿಸಿ. ಅದನ್ನ ಆರರಿಂದ ಗುಣಿಸಿದ್ರೆ ಗಂಟೆಯ ಲೆಕ್ಕ, ಅದನ್ನ 3200ರಿಂದ ಭಾಗಿಸಿದ್ರೆ ಗಂಟೆಗೆ ಎಷ್ಟು ಯೂನಿಟ್ಟು ಅಂತ ಬರತ್ತೆ.

ಮೊದಲು ಬೇರೆ ಎಲ್ಲಾ ಆಫ್ ಮಾಡಿ ಲ್ಯಾಪ್‌ಟಾಪ್ ಒಂದನ್ನೇ ಬಿಟ್ವಿ. ಅಂಕಲ್ ಗಡಿಯಾರ ನೋಡ್ತಿದ್ರು, ನಾನು ಎಣಿಸ್ತಿದ್ದೆ. ಹತ್ತು ನಿಮಿಷಕ್ಕೆ 16. ಅಂದ್ರೆ ಗಂಟೆಗೆ 96, ಅಂದ್ರೆ 30 ವ್ಯಾಟ್. ನನ್ನ ಪ್ಲಗ್ ಮೀಟರು ಹೇಳಿದ್ದಕ್ಕೆ ಸರಿಹೋಯ್ತು. ಅಂಕಲ್ ಏನೂ ಮಾತಾಡ್ಲಿಲ್ಲ, ಪುಸ್ತಕದಲ್ಲಿ ಬರ್ಕೊಂಡ್ರು.

ಆಮೇಲೆ ಲ್ಯಾಪ್‌ಟಾಪನ್ನೂ ತೆಗೆದು, ಮೇಲೆ ಕೆಳಗೆ ಎಲ್ಲಾ ಎಂಸಿಬಿ, ಅಂದ್ರೆ ಬೋರ್ಡಿನ ಮುಖ್ಯ ಸ್ವಿಚ್ಚುಗಳನ್ನ ಇಳಿಸಿದ್ವಿ. ಲೈಟು ನಿಂತೇ ಹೋಯ್ತು. ಸರಿ ಅಂತ ಏಳೋ ಹೊತ್ತಿಗೆ ಒಂದೇ ಸಮನೆ ಮಿಣುಕೋಕೆ ಶುರು ಆಯ್ತು ನೋಡಿ, ಸೆಕೆಂಡಿಗೊಂದು ಸಲ. ಎಂಸಿಬಿ ಎಲ್ಲಾ ಕೆಳಗಿದೆ, ಮನೇಲಿ ಒಂದು ಬಲ್ಬೂ ಇಲ್ಲ, ಆದ್ರೂ ಮೀಟರ್ ಓಡ್ತಿದೆ, ನಮ್ಮಿಬ್ಬರಿಗೂ ಗಾಬರಿ. ಆಮೇಲೆ ಕಿವಿಗೆ ಬಿತ್ತು, ಸಂಪಿನ ಮೋಟ್ರು. ಅದಕ್ಕೆ ಬೇರೆ ಸ್ಟಾರ್ಟರ್ ಇದೆ, ಟ್ಯಾಂಕಲ್ಲಿ ನೀರು ಇಳಿದ ತಕ್ಷಣ ತಾನಾಗೇ ಆನ್ ಆಗೋ ಆಟೋಮ್ಯಾಟಿಕ್ ಕಂಟ್ರೋಲರು. ಒಂದು ಎಚ್‌ಪಿ ಮೋಟ್ರು, ಓಡಿದ್ರೆ ಗಂಟೆಗೆ ಹತ್ತಿರತ್ತಿರ ಒಂದು ಯೂನಿಟ್ಟು.

ಮೂರು ಜನ ಇರೋ ಮನೆಗೆ ದಿನಕ್ಕೆ ಎಷ್ಟು ಸಲ ಟ್ಯಾಂಕ್ ತುಂಬಬೇಕು? ಅವತ್ತಿಂದ ಆಂಟಿ ಅಡುಗೆಮನೆ ಕ್ಯಾಲೆಂಡರ್ ಮೇಲೆ ಮೋಟ್ರು ಶಬ್ದ ಕೇಳಿದಾಗೆಲ್ಲಾ ಗೀಟು ಹಾಕೋಕೆ ಶುರು ಮಾಡಿದ್ರು. ರಾತ್ರಿ ಎರಡು ಗಂಟೆಗೂ ಓಡ್ತಿತ್ತು, ಎಲ್ಲರೂ ಮಲಗಿರೋ ಹೊತ್ತಲ್ಲಿ. ನೀರು ಎಲ್ಲಿಗೋ ಹೋಗ್ತಿದೆ ಅಂತ ಖಾತ್ರಿ ಆಯ್ತು. ಪೈಪು ನಲ್ಲಿ ಎಲ್ಲಾ ನೋಡಿದ್ವಿ, ಎಲ್ಲೂ ಒದ್ದೆ ಇಲ್ಲ. ಕೊನೆಗೆ ಪ್ಲಂಬರ್ ಹೇಳ್ದ, ಫ್ಲಶ್ ಟ್ಯಾಂಕಿಗೆ ಬಟ್ಟೆಗೆ ಹಾಕೋ ನೀಲಿ ನಾಲ್ಕು ಹನಿ ಬಿಡಿ, ಫ್ಲಶ್ ಮಾಡ್ದೆ ಅರ್ಧ ಗಂಟೆ ಬಿಟ್ಟು ನೋಡಿ ಅಂತ. ಕೆಳಗಿನ ಬಾತ್‌ರೂಮಲ್ಲಿ ಕಮೋಡಿನ ನೀರು ನೀಲಿ ಆಗಿತ್ತು. ಒಳಗಿನ ರಬ್ಬರ್ ವಾಷರ್ ಸವೆದು ನೀರು ಸದ್ದಿಲ್ಲದೆ ಹಗಲು ರಾತ್ರಿ ಸೋರ್ತಾ ಇತ್ತು, ಮೇಲಿನ ಟ್ಯಾಂಕು ಖಾಲಿ ಆಗ್ತಿತ್ತು, ಮೋಟ್ರು ಆನ್ ಆಗ್ತಿತ್ತು, ಮೀಟರು ಓಡ್ತಿತ್ತು. ಕ್ಯಾಲೆಂಡರ್ ಗೀಟು ಲೆಕ್ಕ ಹಾಕಿದ್ರೆ ದಿನಕ್ಕೆ ಒಂದೂಕಾಲು ಗಂಟೆ ದಂಡಕ್ಕೆ ಓಡಿದೆ. ತಿಂಗಳಿಗೆ 37 ಯೂನಿಟ್ಟು. ವಾಷರ್‌ಗೆ ಪ್ಲಂಬರ್ ತಗೊಂಡಿದ್ದು ಕೂಲಿ ಸೇರಿ ಇನ್ನೂರೈವತ್ತು.

ವಾಷರ್ ಹಾಕಿದ ಮೇಲೆ, ನನ್ನ ಗೀಸರ್ ಹೊತ್ತು ಇಳಿಸಿದ ಮೇಲೆ ಬಂದ ರೀಡಿಂಗು 176. ನಾನು ಅದೇ ಲ್ಯಾಪ್‌ಟಾಪಲ್ಲಿ ಅದೇ ಒಂಬತ್ತು ಗಂಟೆ ಕೆಲಸ ಮಾಡಿದ್ದೆ.

ಇಲ್ಲಿ ಗೃಹಜ್ಯೋತಿಯ 200 ಯೂನಿಟ್ ಮಿತಿಯ ವಿಷ್ಯ ಹೇಳ್ಲೇಬೇಕು, ಯಾಕಂದ್ರೆ ಜಗಳ ಹುಟ್ಟೋದೇ ಅಲ್ಲಿಂದ. ಗೃಹಜ್ಯೋತಿ 2023ರ ಜುಲೈ ಬಳಕೆಯಿಂದ ಶುರು ಆಯ್ತು. ತುಂಬಾ ಜನ ಎಲ್ಲರಿಗೂ 200 ಯೂನಿಟ್ ಫ್ರೀ ಅಂದ್ಕೊಂಡಿದ್ದಾರೆ. ಹಾಗಿಲ್ಲ. 2022–23ರಲ್ಲಿ ಆ ಮನೇಲಿ ತಿಂಗಳಿಗೆ ಸರಾಸರಿ ಎಷ್ಟು ಬಳಸಿದ್ರೋ ಅದಕ್ಕೆ 10 ಪರ್ಸೆಂಟ್ ಸೇರಿಸಿ, ಅಷ್ಟು ಯೂನಿಟ್ಟು ಉಚಿತ. ತೀರಾ ಕಮ್ಮಿ ಬಳಸೋರಿಗೆ 2024ರಲ್ಲಿ ಪರ್ಸೆಂಟ್ ಬದಲು 10 ಯೂನಿಟ್ ಸೇರಿಸಿ ಕೊಟ್ರು, ಅದು ಒಳ್ಳೇದಾಯ್ತು. ನಮ್ಮ ಓನರ್ ಮನೆ ಸರಾಸರಿ 150, ಹಾಗಾಗಿ ಅವರದು 165. ಅದನ್ನ ದಾಟಿ 200ರ ಒಳಗಿದ್ರೆ ದಾಟಿದ ಯೂನಿಟ್ಟಿಗೆ ಮಾತ್ರ ದುಡ್ಡು. 176 ಬಂದಾಗ 11 ಯೂನಿಟ್ಟಿಗೆ ಕಟ್ಟಿದ್ದು ನೂರು ರೂಪಾಯಿ ಒಳಗೇ. ಆದ್ರೆ 200 ದಾಟಿದ್ರೆ ಪೂರ್ತಿ ಬಿಲ್ ಕಟ್ಟಬೇಕು, ಮೊದಲ್ನೇ ಯೂನಿಟ್ಟಿಂದ, 2025ರ ದರದಲ್ಲಿ ಕಿಲೋವ್ಯಾಟಿಗೆ 145 ರೂಪಾಯಿ ಫಿಕ್ಸ್‌ಡ್ ಚಾರ್ಜೂ ಸೇರಿ.

ಮೂರು ಕಿಲೋವ್ಯಾಟ್ ಮಂಜೂರಾಗಿರೋ ನಮ್ಮ ಓನರ್ ಮನೆಗೆ ಸರಿಯಾಗಿ 200 ಯೂನಿಟ್ ಆದ್ರೆ ಬರೋದು 235 ರೂಪಾಯಿ ಆಸುಪಾಸು. 201 ಆದ್ರೆ 1,780ರ ಹತ್ತಿರ. ಒಂದೇ ಒಂದು ಯೂನಿಟ್ಟಿಗೆ ಸಾವಿರದ ಐನೂರು ರೂಪಾಯಿಗೂ ಜಾಸ್ತಿ ಏಟು. ಆ ಒಂದು ಯೂನಿಟ್ಟು ಮೋಟ್ರಿಂದ ಬಂತಾ, ಗೀಸರಿಂದ ಬಂತಾ, ಯಾರಿಗೆ ಗೊತ್ತು. ಮನೇಲಿ ಹೊಸದಾಗಿ ಬಂದಿರೋದು ಯಾವುದೋ, ಯಾರೋ, ಬೆರಳು ಅವರ ಕಡೆಗೇ ಹೋಗತ್ತೆ. ಆಂಟಿ ಮೇಲೆ ನನಗೆ ಸಿಟ್ಟಿಲ್ಲ. ಪೆನ್ಶನ್ ದುಡ್ಡಲ್ಲಿ ಔಷಧಿ ಖರ್ಚು ಕಳೆದು ಉಳಿಯೋದೆಷ್ಟು ಅಂತ ನನಗೆ ಗೊತ್ತು, ಆ ಸೊನ್ನೆ ಬಿಲ್ಲು ಅವರಿಗೆ ನಿಜವಾಗ್ಲೂ ದೊಡ್ಡ ಆಸರೆ ಆಗಿತ್ತು. ನನ್ನ ಕೋರಿಕೆ ಸರ್ಕಾರಕ್ಕೆ. 200 ದಾಟಿದ ಮನೆಗಳಿಗೆ ಒಂದೇ ಸಲ ಎಲ್ಲಾ ಕಿತ್ಕೊಳ್ಳೋ ಬದಲು ಸ್ವಲ್ಪ ಸ್ವಲ್ಪ ಇಳಿಸ್ತಾ ಹೋಗಿ. ಮನೆಗಳ ದರದಲ್ಲೇ ಇಂಥದ್ದೊಂದು ಗೋಡೆ ಇತ್ತು, 100 ಯೂನಿಟ್ ದಾಟಿದ್ರೆ ಎಲ್ಲಾ ಯೂನಿಟ್ಟಿಗೂ 7 ರೂಪಾಯಿ ಅಂತ, ಅದನ್ನ 2024ರ ಏಪ್ರಿಲ್‌ನಲ್ಲಿ ತೆಗೆದು ಎಲ್ಲರಿಗೂ 5.90 ಅಂತ ಒಂದೇ ದರ ಮಾಡಿದ್ರು. ಅಲ್ಲಿ ಆಗಿದ್ದು ಇಲ್ಲೂ ಆಗಬಹುದಲ್ವಾ? ಇನ್ನೊಂದು, ಆಧಾರ ವರ್ಷ 2022–23 ಆಗಿ ಇಷ್ಟು ವರ್ಷ ಆಯ್ತು, ಅವಾಗ ವಯಸ್ಸಾದ ಅಪ್ಪ ಅಮ್ಮ ಇಬ್ಬರೇ ಇದ್ದ ಮನೆಗೆ ಈಗ ಮಗಳೋ ಮಗನೋ ವಾಪಸ್ ಬಂದು ಅಲ್ಲಿಂದಲೇ ದುಡೀತಿರಬಹುದು. ಆ ಮನೆಯ ಲೆಕ್ಕ ಹಳೇದೇ ಇದ್ರೆ ಹೇಗೆ.

ನನ್ನ ಕಥೆ ಹೇಗೋ ಸುಖವಾಗಿ ಮುಗೀತು, ಎಲ್ಲರದ್ದೂ ಹಾಗಿಲ್ಲ. ಹಾಸನದ ಹತ್ತಿರ ಹಳ್ಳೀಲಿರೋ ನನ್ನ ಗೆಳತಿ ಮದುವೆ ಆಗಿ ಅತ್ತೆ ಮನೇಲಿದ್ದುಕೊಂಡು ಕೆಲಸ ಮಾಡ್ತಾಳೆ. ಬಿಲ್ ಬಂದಾಗೆಲ್ಲಾ ಮನೇಲಿ ಮಾತು. ಅವಳು ಎಷ್ಟು ಹೆದರಿದಾಳೆ ಅಂದ್ರೆ, ಮಧ್ಯಾಹ್ನ ಸೆಕೇಲೂ ಫ್ಯಾನ್ ಹಾಕಲ್ಲ, ಮೀಟಿಂಗ್ ಇಲ್ಲದ ಹೊತ್ತಲ್ಲಿ ಚಾರ್ಜರ್ ಕಿತ್ತಿಟ್ಟು ಬ್ಯಾಟರಿ ಮೇಲೆ ಕೆಲಸ ಮಾಡ್ತಾಳೆ, ಏನೋ ಉಳೀತು ಅಂದ್ಕೊಂಡು. ಉಳಿಯೋದು ಏನೂ ಇಲ್ಲ, ಖಾಲಿ ಆದ ಬ್ಯಾಟರಿ ಮತ್ತೆ ಅದೇ ಗೋಡೆಯಿಂದ ತಾನೆ ತುಂಬಬೇಕು. ಅದೇ ಮನೇಲಿ ಹಳೇ ಇನ್ವರ್ಟರ್ ಇದೆ, ಕರೆಂಟ್ ಹೋದ್ರೂ ಹೋಗದೇ ಇದ್ರೂ ಅದು ಬ್ಯಾಟರಿ ತುಂಬಿಸ್ಕೊಳ್ತಾ, ಬಿಸಿ ಆಗ್ತಾ, ತನ್ನ ಪಾಡಿಗೆ ಇಪ್ಪತ್ತು ವ್ಯಾಟ್ ಎಳೀತಾ ಇದ್ರೂ ಸಾಕು, ತಿಂಗಳಿಗೆ 14 ಯೂನಿಟ್ಟು ಅಲ್ಲೇ ಹೋಗತ್ತೆ. ಅದು ಮೂಲೇಲಿ ಕೂತಿರತ್ತೆ, ಯಾರ ಕಣ್ಣಿಗೂ ಬೀಳಲ್ಲ. ಸೊಸೆ ಮಾತ್ರ ಎಲ್ಲರ ಕಣ್ಣೆದುರಿಗೇ ಕೂತಿರ್ತಾಳಲ್ಲ.

ಬೆಂಗಳೂರಿನ ಒಂದು ಪಿಜಿಯಲ್ಲಿ ನನ್ನ ಕಸಿನ್ ಇದ್ದ, ಅಲ್ಲಿ ಮನೆಯಿಂದ ಕೆಲಸ ಮಾಡೋರಿಗೆ ತಿಂಗಳಿಗೆ ಸಾವಿರ ರೂಪಾಯಿ ಬೇರೆ ಚಾರ್ಜು. ರೂಮಲ್ಲಿ ಎಸಿ ಇದ್ದು ದಿನವಿಡೀ ಓಡಿಸಿದ್ರೆ ಸರಿ, ಕೇಳ್ಲಿ, ಒಂದೂವರೆ ಟನ್ ಎಸಿ ಒಂದು ಗಂಟೆಗೇ ಒಂದು ಯೂನಿಟ್ ದಾಟಬಹುದು. ಬರೀ ಫ್ಯಾನು ಲ್ಯಾಪ್‌ಟಾಪಿಗೆ ಸಾವಿರ ಯಾವ ಲೆಕ್ಕ? ಕೇಳೋಕೆ ಅವನ ಹತ್ರ ಅಂಕಿ ಇರ್ಲಿಲ್ಲ, ಕಟ್ಟಿದ. ಅಂಥವರು ಈ ಪತ್ರದಲ್ಲಿರೋ ಲೆಕ್ಕ ಕತ್ತರಿಸಿ ಇಟ್ಕೊಳ್ಳಿ ಅಂತ ನನ್ನ ಆಸೆ.

ಕಂಪನಿಗಳ ವಿಷ್ಯಾನೂ ಹೇಳ್ಬೇಕು. ನಾನು ಆಫೀಸಿಗೆ ಹೋಗ್ತಿದ್ದಾಗ ನನ್ನ ತಲೆ ಮೇಲಿನ ಲೈಟು, ಎಸಿ, ಕಾಫಿ ಮಷೀನು, ಇಂಟರ್ನೆಟ್ಟು ಎಲ್ಲಾ ಕಂಪನಿ ಬಿಲ್ಲು. ಈಗ ಅದರ ಭಾಗ ನನ್ನ ಓನರ್ ಬಿಲ್ಲಿಗೆ ಬಂದಿದೆ. ಒಬ್ಬಳಿಗೆ 214 ಅಂದ್ರೆ ಏನು ಮಹಾ ಅನ್ನಿಸಬಹುದು, ಸಾವಿರ ಜನ ಮನೇಲಿ ಕೂತಿದ್ರೆ ತಿಂಗಳಿಗೆ 2 ಲಕ್ಷದ 14 ಸಾವಿರ. ಎಚ್‌ಆರ್‌ಗೆ ಮೇಲ್ ಹಾಕಿದ್ದೆ, ಅಂಥ ಪಾಲಿಸಿ ಇಲ್ಲ ಅಂತ ಒಂದು ಸಾಲಿನ ಉತ್ತರ ಬಂತು. ಜರ್ಮನಿಯಲ್ಲಿ ಮನೆಯಿಂದ ಕೆಲಸ ಮಾಡಿದ ಪ್ರತಿ ದಿನಕ್ಕೆ 6 ಯೂರೋ, ವರ್ಷಕ್ಕೆ 1,260 ಯೂರೋ ತನಕ ಆದಾಯ ತೆರಿಗೆ ಲೆಕ್ಕದಲ್ಲಿ ಕಳೀಬಹುದು, 2023ರಿಂದ ಈ ಮಿತಿ ಇದೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಕೆಲಸಕ್ಕೆ ಅಗತ್ಯವಾಗಿ ಆದ ಖರ್ಚನ್ನ ಕಂಪನಿನೇ ವಾಪಸ್ ಕೊಡಬೇಕು ಅಂತ ಕಾರ್ಮಿಕ ಕಾನೂನಲ್ಲೇ ಇದೆ. ನಮ್ಮಲ್ಲಿ ಸಂಬಳದವರಿಗೆ ಸ್ಟ್ಯಾಂಡರ್ಡ್ ಡಿಡಕ್ಷನ್ ಅಂತ ಎಲ್ಲರಿಗೂ ಒಂದೇ ಮೊತ್ತ, ಹೊಸ ಪದ್ಧತಿಯಲ್ಲಿ 75 ಸಾವಿರ, ಆಫೀಸಿಗೆ ಹೋಗೋರಿಗೂ ಅಷ್ಟೇ ಮನೇಲಿರೋರಿಗೂ ಅಷ್ಟೇ. ಕಾನೂನು ಬರೋ ತನಕ ಕಾಯೋದು ಬೇಡ. ಜರ್ಮನಿಯಷ್ಟು ಕೊಡಿ ಅಂತ ನಾನು ಕೇಳ್ತಿಲ್ಲ. ಅಳೆದು ತೋರಿಸಿದ ಕರೆಂಟಿಗೂ ಇಂಟರ್ನೆಟ್ಟಿಗೂ ತಿಂಗಳಿಗೊಂದು ಮೊತ್ತ ಸಂಬಳ ಚೀಟೀಲಿ ಬೇರೆ ಸಾಲಾಗಿ ಬಂದ್ರೆ, ಸೊಸೆಯೋ ಬಾಡಿಗೆಯವಳೋ ಅದನ್ನ ತೋರಿಸಿ ಇದು ನನ್ನ ಕೆಲಸದ ಕರೆಂಟಿಗೆ ಅಂತ ಮನೇಲಿ ಕೊಡಬಹುದು. ಮಾತು ಕೇಳೋದು ತಪ್ಪತ್ತೆ.

ಕೊನೇದಾಗಿ ನಿಮಗೇ ಒಂದು ಮನವಿ. ನಮ್ಮ ಮೈಸೂರು ಸೀಮೆಯ ಶಿವನಸಮುದ್ರದಲ್ಲಿ 1902ರಲ್ಲಿ ಕಾವೇರಿಯಿಂದ ಕರೆಂಟ್ ತೆಗೆದು ಅಷ್ಟು ದೂರ ಕೋಲಾರದ ಚಿನ್ನದ ಗಣಿಗೆ ಕಳಿಸಿದ್ರು. ಇಷ್ಟು ವರ್ಷದಿಂದ ಕರೆಂಟ್ ನೋಡಿರೋ ನಾಡಲ್ಲಿ ನಾನು ಡಿಗ್ರಿ ಮುಗಿಸಿದ್ರೂ ಯೂನಿಟ್ ಅಂದ್ರೆ ಏನು ಅಂತ ನನಗೆ ಮೊನ್ನೆ ತನಕ ಗೊತ್ತಿರ್ಲಿಲ್ಲ. ಬಿಲ್ಲಲ್ಲಿ ಕಟ್ಟಬೇಕಾದ ಮೊತ್ತ ಒಂದನ್ನ ನೋಡಿ ಚೀಟಿ ಮಡಚಿ ಇಡ್ತಿದ್ದೆ. ನಿಮ್ಮ ಪತ್ರಿಕೇಲಿ ವಾರಕ್ಕೊಂದು ಸಣ್ಣ ಜಾಗ ಕೊಟ್ಟು, ಈ ವಾರ ಫ್ರಿಜ್ಜು, ಮುಂದಿನ ವಾರ ಮೋಟ್ರು, ಆಮೇಲೆ ಬಿಲ್ಲಿನ ಒಂದೊಂದು ಸಾಲು ಅಂದ್ರೆ ಏನು ಅಂತ, ಗೊತ್ತಿರೋ ಎಲೆಕ್ಟ್ರಿಷಿಯನ್ನರ ಹತ್ರ ಬರೆಸಿ ಹಾಕಿ. ದೊಡ್ಡ ಅಕ್ಷರದಲ್ಲಿ ಹಾಕಿ, ಓದೋರು ನಮ್ಮ ಅಂಕಲ್ ಆಂಟಿಯಂಥವರೂ ಇರ್ತಾರೆ.

ಅಂಕಲ್ ಆ 700ರ ಮಾತು ಬಿಟ್ಟುಬಿಟ್ರು. ನಾನೇ ಒತ್ತಾಯ ಮಾಡಿ ತಿಂಗಳಿಗೆ 214 ಕೊಡ್ತೀನಿ, ಆಂಟಿ ಬೇಡ ಬೇಡ ಅಂತಾನೇ ತಗೊಂಡು ಡಬ್ಬಿಗೆ ಹಾಕ್ತಾರೆ. ಆ ದುಡ್ಡು ಸೇರಿಸಿ ನನ್ನ ರೂಮಿನ ಹಳೇ ಫ್ಯಾನ್ ತೆಗೆಸಿ ಕಮ್ಮಿ ಕರೆಂಟ್ ತಿನ್ನೋ 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನ್ ಹಾಕಿಸೋಣ ಅಂತ ಅಂಕಲ್ ಹೇಳಿದಾರೆ, ರಾತ್ರೀನೂ ಅದೇ ಓಡೋದ್ರಿಂದ ಇನ್ನೂ ಹತ್ತಿಪ್ಪತ್ತು ಯೂನಿಟ್ ಇಳೀಬಹುದು, ಆಗ 165ರ ಒಳಗೆ ಬಂದ್ರೂ ಬರಬಹುದು. ಪ್ಲಗ್ ಮೀಟರು ಈಗ ಕೆಳಗಡೆ ಅವರ ಹಳೇ ಫ್ರಿಜ್ಜಿಗೆ ಹಾಕಿದೆ.

ಇಂತಿ ನಿಮ್ಮ ಓದುಗಿ,
ಮೈಸೂರು